ಏಳನೇ ನಂಬರಿನ ಹೆಸರು

ಆ ಹುಡುಗಿ ಒಂದೊಂದೇ ಮನೆ ವಿಚಾರಿಸಿಕೊಂಡು ಬರುತ್ತಿದ್ದಾಗಲೇ ಪಳನಿಯಮ್ಮಾಳಿಗೆ ಅನುಮಾನ ಬಂದಿತ್ತು. ಬಾರದೆ ಇರುತ್ತದೆಯೇ? ಪೋತ್ತನೂರಿನ ಈ ಮನೆ ತನ್ನ ತಾತನದೆಂದು ಕುರಿಚಿಯ ಫೌಂಡ್ರಿ ದೇವರಾಜನ್ ಕೇಸು ಹಾಕಿದ್ದ. ಪಳನಿಯಮ್ಮಾಳಿನ ಗಂಡ ನಿನ್ನೆ ಮೊನ್ನೆ ಬಾಡಿಗೆಗೆ ಬಂದವನಂತೆ, ಮಾವ ಇಲ್ಲಿ ಬಾಳಿದ್ದೇ ಸುಳ್ಳಂತೆ! ಅವನು ಗೂಢಚಾರರನ್ನು ಬಿಡದೆ ಇರುವವನಲ್ಲ.

ಹುಡುಗಿಯ ಹೆಸರು ಪ್ರಕೃತಿ, ಕಾಲೇಜಿಗಾಗಿ ಈ ಬೀದಿಯ ಚರಿತ್ರೆ ಬರೆಯುತ್ತಾಳಂತೆ. ಕೈಯಲ್ಲಿ ಹಳೆಯ ಡೈರೆಕ್ಟರಿಯ ಜೆರಾಕ್ಸು. ಯಾವ ಮನೆಯಲ್ಲಿ ಯಾರಿದ್ದರೆಂದು ಆ ಕಾಲದಲ್ಲಿ ಅಚ್ಚು ಹಾಕಿಸಿದ್ದು.

"ನಿಮ್ಮ ಈ ಏಳನೇ ನಂಬರಿನಲ್ಲಿ ರೈಲ್ವೆ ಫಿಟ್ಟರ್ ಒಬ್ಬರಿದ್ದರಲ್ಲ, ಹೆಸರೇನು?" ಎಂದು ತಡವರಿಸುವ ತಮಿಳಿನಲ್ಲಿ ಕೇಳಿದಳು. ಜೆರಾಕ್ಸನ್ನು ಮಾತ್ರ ಎದೆಗವಚಿಕೊಂಡಿದ್ದಳು.

ಆಹಾ, ಬಾಯಿ ಬಿಡಿಸಲು ಬಂದಿದ್ದಾಳೆ ಕಳ್ಳಿ! ಒಂದು ಮಾತಾಡಿದರೂ ಕೋರ್ಟಿನಲ್ಲಿ ಅದನ್ನೇ ತಿರುಚುತ್ತಾರೆ.

"ಅಪ್ಪಡಿ ಯಾರುಮೇ ಇಲ್ಲೀಂಗ," ಅಂಥವರು ಯಾರೂ ಇಲ್ಲವೆಂದು ಪಳನಿಯಮ್ಮಾಳ್ ತಮಿಳಿನಲ್ಲೇ ಸಾಗಹಾಕಿದಳು.

ಹುಡುಗಿ ಜಗಲಿಯಲ್ಲೇ ಕೂತು ಫೋನ್ ಹಚ್ಚಿದಳು. "ಅಮ್ಮಾ, ಏಳನೇ ಮನೆ ಬಿಟ್ಟುಬಿಡ್ತೀನಿ. ಐವತ್ತೆರಡನೇ ಇಸವಿ ಪುಸ್ತಕದಲ್ಲೇ ಹೆಸರಿದೆ, ಮನೆಯವರೇ ಇಲ್ಲ ಅಂತಾರೆ. ನಾನಾಗಿ ಹೆಸರು ಹೇಳಿದ್ರೆ ಎಲ್ಲರೂ ಹೌದು ಅಂದುಬಿಡ್ತಾರೆ, ಅದಕ್ಕೇ ಹೇಳಲಿಲ್ಲ."

ಕನ್ನಡ! ತಾವು ಮನೆಯೊಳಗೆ ಮಾತ್ರ ಆಡುವ ಮಾತು ಜಗಲಿಯಿಂದ ಕೇಳಿ ಪಳನಿಯಮ್ಮಾಳ್ ಬೆಚ್ಚಿದಳು. ಐವತ್ತೆರಡರಲ್ಲೇ ಮಾವನ ಹೆಸರು ಅಚ್ಚಾಗಿದೆ! ದೇವರಾಜನ್ ಬಾಯಿ ಮುಚ್ಚಿಸುವ ಸಾಕ್ಷಿಯನ್ನು ತಾನೇ ಹೊರಗಟ್ಟಿದ್ದಳು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ನಿಲ್ಲು ಕಣ್ಣೂ! ಇದ್ದರು, ನಮ್ಮ ಮಾವನೇ ಇದ್ದರು!"

ಈಗ ಅನುಮಾನದ ಸರದಿ ಹುಡುಗಿಯದು. "ನಿಮಗೆ ಕನ್ನಡ ಬರುತ್ತಾ? ಮತ್ತೆ ಆಗ ಯಾಕೆ ಇಲ್ಲ ಅಂದ್ರಿ? ಫೋನಲ್ಲಿ ಆಡಿದ್ದು ಕೇಳಿಸ್ಕೊಂಡು ಹೇಳ್ತಿದ್ದೀರಾ? ಸರಿ, ಹೆಸರು ಹೇಳಿ ನೋಡೋಣ."

ಪಳನಿಯಮ್ಮಾಳ್ ಒಳಗಿನ ಗೋಡೆಯಲ್ಲಿದ್ದ ಮಾವನ ಪಟದತ್ತ ನೋಡಿದಳು. ಸೊಸೆಯಾದವಳು ಮಾವನ ಹೆಸರೆತ್ತುವುದುಂಟೇ? ಉಡುಮಲೆ ಹತ್ತಿರದ ಬೆಟ್ಟದ ದೇವರಿಗೂ ಅದೇ ಹೆಸರೆಂದು, ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೂ "ಕಡೇ ಸ್ಟಾಪು" ಎನ್ನುತ್ತಿದ್ದವಳು. ಬರೆದು ತೋರಿಸೋಣವೆಂದರೆ ಅಕ್ಷರ ಬಾರದು. ಅವಳ ಪರವಾಗಿ ಹೇಳಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಗೊತ್ತಿಲ್ಲ, ಅಲ್ವಾ?" ಪ್ರಕೃತಿ ಚಪ್ಪಲಿ ಮೆಟ್ಟಿ ಬೀದಿಗಿಳಿದಳು.

"ತಿರುಮೂರ್ತಿ!" ಪಳನಿಯಮ್ಮಾಳ್ ಬೀದಿಗೆಲ್ಲ ಕೇಳುವಂತೆ ಕಿರುಚಿದಳು. "ಫಿಟ್ಟರ್ ತಿರುಮೂರ್ತಿ!"

ಹುಡುಗಿ ಜೆರಾಕ್ಸು ನೋಡಿಕೊಂಡಳು, ಮತ್ತೆ ಮೆಟ್ಟಿಲು ಹತ್ತಿದಳು. ಪಳನಿಯಮ್ಮಾಳ್ ಅವಳತ್ತ ತಿರುಗಲೇ ಇಲ್ಲ. ಗೋಡೆಯ ಪಟದ ಮುಂದೆ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

"ತಪ್ಪು ತಿಳೀಬೇಡಿ ಮಾವಾ. ನಿಮ್ಮ ಮನೆಗೋಸ್ಕರ ಕೂಗಿದೆ."