ಕಂಬ ಎತ್ತಿದವನ ಬೆನ್ನು

ಬ್ರಿಡ್ಜ್‌ವಾಟರಿನ ಮಾರ್ಗರೆಟ್ ಅಜ್ಜಿಯ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಅದಕ್ಕೇ ಆ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಅಮರೇಶ್ವರನನ್ನೂ ಅವನ ಹೆಂಡತಿ ಶೈಲಮ್ಮನನ್ನೂ ಕರೆಸಿ, ಟಿವಿಯ ಮುಂದೆ ಕೂರಿಸಿ, "ನೀನು ನೋಡು, ನನಗೆ ಹೇಳು" ಎಂದು ಅವನಿಗೆ ಅಂದಳು.

ವಿಷಯ ಇಷ್ಟೆ. ಹೋದ ಚಳಿಗಾಲದಲ್ಲಿ ತೀರಿಕೊಂಡ ಅವಳ ಗಂಡ ವಿನ್ಸೆಂಟ್ ಬದುಕಿದ್ದಷ್ಟು ಕಾಲವೂ ಒಂದು ಮಾತು ಹೇಳುತ್ತಿದ್ದ: ಹರೆಯದಲ್ಲಿ ರೋಮಿನಲ್ಲಿದ್ದಾಗ, ಕತ್ತಿ-ಗುರಾಣಿಯ ಸಿನಿಮಾವೊಂದರಲ್ಲಿ ಪೈಲ್ವಾನ್ ನಾಯಕನ ಬದಲು ಒಂದಷ್ಟು ಸಾಹಸ ಮಾಡಿದ್ದು ತಾನೇ ಎಂದು. ಮುಖ ಕಂಡರೆ ನಾಯಕ, ಬೆನ್ನು ಕಂಡರೆ ವಿನ್ಸೆಂಟ್. ಹೆಸರು ಎಲ್ಲೂ ಇಲ್ಲ. ಮಾರ್ಗರೆಟ್ ಐವತ್ತು ವರ್ಷ ನೆಂಟರೆದುರೆಲ್ಲ ಅದನ್ನು ಹೇಳಿ ನಕ್ಕಿದ್ದಳು. ಈಗ ಮೊಮ್ಮಗಳು ಆ ಚಿತ್ರ ಹುಡುಕಿ ಕಳಿಸಿದ್ದಾಳೆ; ಆ ಹುಡುಗಿಗೆ ಕಂಡದ್ದು ಯಾರದೋ ಬೆನ್ನು, ಅಷ್ಟೆ.

ಅಮರೇಶ್ವರ ಗದಗದ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದು, ಆಮೇಲೆ ಈ ದೇಶಕ್ಕೆ ಬಂದವನು. ಎದುರಾಳಿಯ ಮುಖ ನಂಬಬೇಡ, ಹಿಮ್ಮಡಿ ನೋಡು ಎಂದು ಅಲ್ಲಿ ಉಸ್ತಾದರು ಕಲಿಸಿದ್ದರು. ವಿನ್ಸೆಂಟನ ಜೊತೆ ಇಪ್ಪತ್ತು ಚಳಿಗಾಲ ಮನೆ ಮುಂದಿನ ಡ್ರೈವ್‌ವೇಯ ಹಿಮ ಎತ್ತಿ ಹಾಕಿದ್ದ.

"ಸುಮ್ನ ಹೌದು ಅಂದಬಿಡ್ರಿ. ಮುದುಕಿ ಜೀವಕ್ಕ ಸಮಾಧಾನ ಆಗ್ತದ," ಎಂದು ಶೈಲಮ್ಮ ಮೆಲ್ಲಗೆ ಕನ್ನಡದಲ್ಲಿ ಅಂದಳು.

"ಬಿದ್ದಾವನ್ನ ಗೆದ್ದಾನಂತ ಹೇಳೂ ರೂಢಿ ಗರಡ್ಯಾಗಿಲ್ಲ."

"ನೀವೇನ್ ಭಾಳ ಗೆದ್ದಾವ್ರು."

"ಅದಕ್ಕ ಹೇಳಾಕತ್ತೀನಿ."

ಚಿತ್ರ ಶುರುವಾಯಿತು. ಎಣ್ಣೆ ಹಚ್ಚಿದ ಎದೆ, ತೊಡೆ ಕಾಣುವ ತುಂಡು ಅಂಗಿ, ತುಟಿ ಒಂದು ಕಡೆ, ಡಬ್ ಮಾಡಿದ ಮಾತು ಇನ್ನೊಂದು ಕಡೆ. ನಾಯಕ ಗೂಳಿಯ ಕೊಂಬು ಹಿಡಿದು ಬೆನ್ನು ತಿರುಗಿಸಿದ.

"ಇವನಾ?"

"ಅಲ್ಲ ಮಾರ್ಗರೆಟ್. ಇವನು ತುದಿಗಾಲಿನ ಮೇಲೆ ನಿಲ್ಲುವವನು, ವಿನ್ಸೆಂಟ್ ಹಿಮ್ಮಡಿ ಊರುತ್ತಿದ್ದ. ಬೇರೆ ಯಾರೋ."

ಅವಳು ಕರವಸ್ತ್ರ ಮಡಚಿದಳು, ಬಿಚ್ಚಿದಳು. ಶೈಲಮ್ಮ ಗಂಡನನ್ನು ದುರುಗುಟ್ಟಿಕೊಂಡು ನೋಡಿದಳು.

ರಾಣಿ ಬಂದಳು, ವಿಷದ ಬಟ್ಟಲು ಬಂತು, ಸೈನಿಕರು ಸತ್ತರು. ಕಡೆಗೆ ದೇವಾಲಯ ಕುಸಿದು, ಕಂಬದಡಿ ಜನ ಸಿಕ್ಕಿಕೊಂಡರು. ಒಂದು ಬೆನ್ನು ಬಗ್ಗಿತು. ಅಮರೇಶ್ವರ ಚಿತ್ರ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿದ. ಎಡಗಾಲು ತುಸು ಹಿಂದೆ, ಹಿಮ್ಮಡಿ ಹೊರಕ್ಕೆ, ಬಲಭುಜ ತಗ್ಗು. ಏಳುವ ಮುನ್ನ ತಲೆ ಎರಡು ಸಲ ಅಲ್ಲಾಡಿತು. ಒದ್ದೆ ಹಿಮದ ಸಲಿಕೆ ಎತ್ತುವಾಗಿನ ಮುದುಕನೇ, ಅರವತ್ತು ವರ್ಷ ಚಿಕ್ಕವನಾಗಿ.

"ಇವನು ವಿನ್ಸೆಂಟ್," ಎಂದ.

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯಾ?"

"ಹಾಗಿದ್ದರೆ ಗೂಳಿಯನ್ನೂ ಅವನಿಗೇ ಕೊಡುತ್ತಿದ್ದೆನಲ್ಲ."

ಅಜ್ಜಿ ಕರವಸ್ತ್ರ ಮಡಚಿ ಮಡಿಲಲ್ಲಿಟ್ಟಳು.

"ನಾನು ನಕ್ಕಾಗ ಎದ್ದು ಗ್ಯಾರೇಜಿಗೆ ಹೋಗಿಬಿಡುತ್ತಿದ್ದ," ಎಂದಳು ಆಮೇಲೆ. "ಒಮ್ಮೆಯೂ ಜಗಳ ಆಡಲಿಲ್ಲ."

ಕೈ ತಡವರಿಸಿ ಫೋನ್ ತೆಗೆದು ಅಮರೇಶ್ವರನ ಕಡೆ ಚಾಚಿದಳು.

"ನಮ್ಮ ತಂಗಿಯಿಂದ ಶುರು ಮಾಡೋಣ. ನನ್ನ ಜೊತೆ ನಕ್ಕವರಲ್ಲಿ ಇನ್ನೂ ಬದುಕಿರುವವರ ಹೆಸರು ಹೇಳ್ತಾ ಹೋಗ್ತೀನಿ. ನೀನು ಡಯಲ್ ಮಾಡು."