ಜಾಹೆದಾಳ ಅಬ್ಬಾ ಬಂದ ಭಾನುವಾರ

ಹಂಚಿನ ಮೇಲೆ ಮೂರನೆಯ ರೊಟ್ಟಿ ಹಾಕಿ ನೀರು ಸವರುತ್ತಿದ್ದೆ. ಪಕ್ಕದ ಖೋಲಿಯ ಜಾಹೆದಾ ಓಡಿ ಬಂದು ಬಾಗಿಲಲ್ಲಿ ನಿಂತಳು. ಅರ್ಧ ಜಡೆ ಹೆಣೆದಿತ್ತು, ಅರ್ಧ ಬೆನ್ನ ಮೇಲೆ ಹರಡಿತ್ತು.

"ಗೋಪಕ್ಕಾ, ಅಬ್ಬಾ ಬರಾಕತ್ತಾರ. ಇವತ್ತ, ಮಾನ್ವಿ ಮೊದಲ್ನೇ ಬಸ್ಸಿಗೆ."

"ಯಾರು ಹೇಳಿದ್ರು?"

"ಕಂಡಕ್ಟರ್ ಕೈಯಾಗ ನಿನ್ನಿ ಮಾತು ಕಳಿಸ್ಯಾರ. ಅವ ಈಗ ಬಂದು ಹೇಳಿ ಹೋದ."

ರೊಟ್ಟಿ ಸೀದು ಹೋಯಿತು. ಅದನ್ನು ತೆಗೆದು ಪಕ್ಕಕ್ಕಿಟ್ಟೆ.

ನಾವಿದ್ದದ್ದು ರಾಯಚೂರಿನ ಒಂದು ಹತ್ತಿ ಗಿರಣಿಯ ಕ್ವಾರ್ಟರ್ಸಿನಲ್ಲಿ. ಆಗ ಎಂಬತ್ತನಾಲ್ಕನೆಯ ಇಸವಿ. ಗಿರಣಿ ನಿಂತು ಐದು ವರ್ಷವಾಗಿತ್ತು. ನನ್ನ ಗಂಡ ತಾಯಣ್ಣ ಅಲ್ಲಿ ಫಿಟ್ಟರ್ ಆಗಿದ್ದವರು. ಮುಂದೆ ಅಕ್ಕಿ ಗಿರಣಿಗೆ ಸೇರಿದರು, ಆದರೆ ಹಳೆಯ ಗಿರಣಿಯ ಕೀಲಿಗಳು ನಮ್ಮ ಮನೆಯಲ್ಲೇ ಉಳಿದವು. ಕೂಲಿಕಾರರು ಬಿಟ್ಟುಹೋದ ಏಳು ಖೋಲಿಗಳಿಗೆ ಹಳ್ಳಿಗಳಿಂದ ಓದಲು, ನೌಕರಿ ಮಾಡಲು ಬಂದ ಹುಡುಗರು ಬಾಡಿಗೆಗೆ ಬಂದರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಯಂತ್ರ ಸುಮ್ಮನಾದ ಜಾಗದಲ್ಲಿ ಅವರ ರೇಡಿಯೋ ಶುರುವಾಯಿತು.

ಅವರ ನಡುವೆ ಎರಡು ತಿಂಗಳ ಹಿಂದೆ ಬಂದವಳು ಜಾಹೆದಾ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮೊದಲು ಚಿಕ್ಕಮ್ಮನ ಮನೆಯಲ್ಲಿದ್ದಳು. ಅಲ್ಲಿ ಜಾಗ ಸಾಲದೆ ಇಲ್ಲಿಗೆ ಬಂದಾಗ ಅಪ್ಪನಿಗೆ ಒಂದು ಕಾಗದ ಬರೆದಿದ್ದಳು: ಇಲ್ಲಿ ಎಲ್ಲರೂ ಸಂಸಾರಸ್ಥರು, ಹುಡುಗರು ಒಬ್ಬರೂ ಇಲ್ಲ ಎಂದು.

"ಅಬ್ಬಾಗ ಗೊತ್ತಾದ್ರ ಇವತ್ತ ಕರಕೊಂಡು ಹೋಗ್ತಾರಕ್ಕಾ. ಹೋದ್ನೆಂದ್ರ ನೌಕರಿ ಮುಗೀತು. ಹಿಂದಿಂದ ನಿಕಾ ಮಾತು ತೆಗೀತಾರ," ಎಂದಳು.

ನಳದ ಹತ್ತಿರ ಹಲ್ಲುಜ್ಜುತ್ತಿದ್ದ ಹಂಪಯ್ಯ ಬಂದ. ಹೊಳೆ ದಂಡೆಯ ಗೂಗಲ್ ಎಂಬ ಊರಿನ ಹುಡುಗ, ಡಿಗ್ರಿ ಓದುತ್ತಿದ್ದ. ಯಾವುದಕ್ಕೂ ಅವನ ಹತ್ತಿರ ಒಂದು ಉಪಾಯ ಇರುತ್ತಿತ್ತು.

"ಎರಡು ತಾಸು ನಾವು ಇಲ್ಲ ಅಂತ ತಿಳೀರಿ. ಅಷ್ಟ. ಗೋಪಕ್ಕಾ, ಹತ್ತಿ ಗೋದಾಮಿನ ಕೀಲಿ ತೆಗೀರಿ."

"ಸಿನೆಮಾಕ್ಕ ಹೋಗ್ರಲೇ," ಎಂದೆ.

"ಮುಂಜಾನಿ ಎಂಟಕ್ಕ ಯಾವ ಸಿನೆಮಾ ಇರ್ತದಕ್ಕಾ? ಬೀದ್ಯಾಗ ನಿಂತ್ರ ಅವರ ಎದುರಿಗೇ ಸಿಗ್ತೀವಿ."

ಹತ್ತು ನಿಮಿಷದಲ್ಲಿ ಅಂಗಳ ಬೋಳಾಯಿತು. ಹಗ್ಗದ ಮೇಲಿನ ಲುಂಗಿ, ಬನಿಯನ್ನು, ಐಟಿಐ ಕಲಿಯುತ್ತಿದ್ದ ಮಟಮಾರಿಯ ಉರುಕುಂದಪ್ಪನ ಖಾಕಿ ಪ್ಯಾಂಟು, ಗೂಡಿನಲ್ಲಿದ್ದ ಶೇವಿಂಗ್ ಬ್ರಷ್ಷು, ಎಲ್ಲವೂ ಮಾಯ. ಐದು ಜನ ಹುಡುಗರೂ ಗೋದಾಮು ಹೊಕ್ಕರು. ನಾನು ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ರಾತ್ರಿ ಪಾಳಿಗೆ ಹೋದ ನನ್ನ ಗಂಡ ಇನ್ನೂ ಬಂದಿರಲಿಲ್ಲ. ಉಳಿದವಳು ನನ್ನ ಮಗಳು ಸೂಗಿ. ಏಳು ವರ್ಷ. ಅವಳ ಬಾಯಿಯಿಂದ ಬರುವುದೆಲ್ಲ ಪ್ರಶ್ನೆ.

"ಯವ್ವಾ, ಅವ್ರನ್ಯಾಕ ಕೂಡಿ ಹಾಕಿದಿ? ಅವ್ರು ಏನು ತಪ್ಪು ಮಾಡ್ಯಾರ? ಉಚ್ಚಿ ಬಂದ್ರ?"

"ಬಂಗಾರಾ, ಇವತ್ತೊಂದಿನ ಏನೂ ಕೇಳಬ್ಯಾಡ. ಜಾಹೆದಕ್ಕ ನಮ್ಮ ಹತ್ರ ಇರಬೇಕೋ ಬ್ಯಾಡೋ?"

"ಇರಬೇಕು."

"ಹಂಗಾರ ಬಾಯಿ ಮುಚ್ಚಿಕೋ."

ಅವಳು ಎರಡು ಬೆರಳಿನಿಂದ ತುಟಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಳು.

ಶಂಶುದ್ದೀನ್ ಸಾಬರು ಬಂದಾಗ ಎಂಟೂವರೆ. ತೆಳ್ಳಗಿನ ಮನುಷ್ಯ, ಬಿಳಿ ಟೋಪಿ, ಕೈಯಲ್ಲಿ ಬುತ್ತಿ ಗಂಟು. ಮಾನ್ವಿಯಲ್ಲಿ ಅವರದು ಬಳೆಯ ಅಂಗಡಿ. ಬಂದವರೇ ನನ್ನ ಮುಖಕ್ಕಿಂತ ಮೊದಲು ನನ್ನ ಕೈ ನೋಡಿದರು.

"ಎಡಗೈಯಾಗ ನಾಲ್ಕು, ಬಲಗೈಯಾಗ ಎರಡು. ರೊಟ್ಟಿ ಬಡಿಯೋ ಕೈ ನೋಡವ್ವಾ, ಬಳಿ ಉಳಿಯಂಗಿಲ್ಲ," ಎಂದು ನಕ್ಕರು. ಒಳ್ಳೆಯವರು ಅನ್ನಿಸಿ ನನಗೆ ಇನ್ನಷ್ಟು ಹೆದರಿಕೆಯಾಯಿತು. ಒಳ್ಳೆಯವರಿಗೆ ಸುಳ್ಳು ಹೇಳುವುದು ಕಷ್ಟ.

ಮಗಳ ಖೋಲಿ ನೋಡಿದರು. ಚಿಲಕ ಎಳೆದು ನೋಡಿದರು. ಆಮೇಲೆ ಸಾಲಿನುದ್ದಕ್ಕೂ ನಡೆದರು. ಒಂದು ಬಾಗಿಲಿಗೆ ಬೀಗ, ಇನ್ನೊಂದಕ್ಕೂ ಬೀಗ. ನಳದ ಹತ್ತಿರ ಯಾರೂ ಇಲ್ಲ. ಚಿಮಣಿಯ ಮೇಲೆ ಪಾರಿವಾಳ ಗುಟುರು ಹಾಕುವುದು ಕೇಳುತ್ತಿತ್ತು.

"ಇಲ್ಲಿ ಮಂದಿ ಎಲ್ಲಿ ಬೇಟಿ?"

"ಕೆಲಸಕ್ಕ ಹೋಗ್ಯಾರ ಅಬ್ಬಾ."

"ಐತಾರ? ಸೂಟಿ ದಿನ?"

ಜಾಹೆದಾ ನನ್ನ ಕಡೆ ನೋಡಿದಳು. "ಸಂತಿಗಿ ಹೋಗ್ಯಾರ್ರಿ," ಎಂದೆ ನಾನು.

"ಹೆಂಡ್ರು, ಮಕ್ಕಳು, ಮುದುಕ್ರು, ಎಲ್ಲಾರೂ? ಒಂದು ಕೂಸು ಅಳೋದು ಕೇಳವಲ್ದು. ಒಂದು ಸೀರಿ ಒಣಗಾಕಿಲ್ಲ."

ಹೌದಲ್ಲ! ಗಂಡಸರ ಬಟ್ಟೆ ತೆಗೆದಿದ್ದೆವು, ಹೆಂಗಸರ ಬಟ್ಟೆ ಹಾಕುವ ನೆನಪು ಯಾರಿಗೂ ಬಂದಿರಲಿಲ್ಲ.

ಸಾಬರು ಅಂಗಳದ ನಡುವೆ ನಿಂತು ಒಡೆದ ಗಾಜಿನ ಕಿಟಕಿಗಳನ್ನು, ತುಕ್ಕು ಹಿಡಿದ ಗೇಟನ್ನು ನೋಡಿದರು. ಮುಖ ಇಳಿದುಹೋಯಿತು.

"ಇಂಥಾ ಪಾಳು ಜಾಗದಾಗ, ಇವರ ಮನಿ ಒಂದು ಬಿಟ್ರ ನರಪಿಳ್ಳಿ ಇಲ್ಲದಲ್ಲಿ, ನನ್ನ ಮಗಳು ಒಬ್ಬಾಕಿ? ಒದರಿದ್ರ ಯಾರು ಬರ್ತಾರ? ಸಾಮಾನು ಕಟ್ಟು ಬೇಟಿ. ಹನ್ನೊಂದರ ಬಸ್ಸಿಗೆ ಹೋಗೂಣು."

ಜಾಹೆದಾ ಒಳಗೆ ಹೋಗಿ ಟ್ರಂಕಿನ ಮುಚ್ಚಳ ತೆಗೆದಳು. ಒಂದು ಚೂಡಿದಾರ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅದನ್ನು ನೋಡುತ್ತ ನಿಲ್ಲುವುದು ನನ್ನಿಂದಾಗಲಿಲ್ಲ. ನನಗೂ ಒಬ್ಬ ಮಗಳಿದ್ದಾಳೆ. ನೇರ ಹೋಗಿ ಗೋದಾಮಿನ ಬೀಗ ತೆಗೆದೆ.

"ಬರ್ರಲೇ ಹೊರಗ."

ಐದು ಹುಡುಗರೂ ಸಾಲಾಗಿ ಬಂದರು. ತಲೆ, ಮೀಸೆ, ಹುಬ್ಬು, ಎಲ್ಲ ಕಡೆ ಹಳೆಯ ಹತ್ತಿ. ಗಾದಿ ಬಡಿದು ಎದ್ದುಬಂದ ಪಿಂಜಾರರ ಹಾಗೆ ಕಾಣುತ್ತಿದ್ದರು. ಉರುಕುಂದಪ್ಪನ ಕೈಯಲ್ಲಿ ಇನ್ನೂ ಶೇವಿಂಗ್ ಬ್ರಷ್ಷಿತ್ತು.

"ಸಲಾಂ ಚಾಚಾ," ಎಂದ ಹಂಪಯ್ಯ, ಬಾಯಿಂದ ಎಳೆ ತೆಗೆಯುತ್ತ.

"ಇವ್ರ್ಯಾರು?"

"ಇಲ್ಲಿರೋ ಮಂದಿ ಇವ್ರೇ ಅಬ್ಬಾ," ಎಂದಳು ಜಾಹೆದಾ ಬಾಗಿಲಿಗೆ ಬಂದು. "ಸಂಸಾರ ಅಂದ್ರ ಗೋಪಕ್ಕನ ಮನಿ ಒಂದ. ನಾ ಸುಳ್ಳು ಬರದಿದ್ದೆ."

ಸಾಬರು ಕಟ್ಟೆಯ ಮೇಲೆ ಸೂಗಿಯ ಪಕ್ಕದಲ್ಲಿ ಕೂತುಬಿಟ್ಟರು. ಹತ್ತಿ ಮೆತ್ತಿದ ಹುಡುಗರ ಮುಖಗಳನ್ನು ನೋಡಿದರು. ಆಮೇಲೆ ಒಬ್ಬೊಬ್ಬರದೇ ಊರು ಕೇಳಿದರು.

"ಗೂಗಲ್ಲೇನು? ನಿಮ್ಮೂರಿಗೆ ನಾ ಬಳಿ ಮಲಾರ ಹೊತ್ಕೊಂಡು ಬಂದೀನಿ. ಹೊಳಿ ದಂಡ್ಯಾಗ ಉಂಡೀನಿ. ನಿಮ್ಮ ಅಡಗಿ ಯಾರು ಮಾಡ್ತಾರ?"

"ನಾನ ಮಾಡ್ತೀನ್ರಿ," ಎಂದ ಹಂಪಯ್ಯ.

"ಅದನ್ನ ಅಡಗಿ ಅನ್ನಂಗಿಲ್ರಿ ಚಾಚಾ," ಎಂದ ಉರುಕುಂದಪ್ಪ.

"ನನ್ನ ಮಗಳು ಡ್ಯೂಟಿ ಮುಗಿಸಿ ಹೊತ್ತಾಗಿ ಬಂದ್ರ ಯಾರು ಕರಕೊಂಡು ಬರ್ತೀರಿ?"

"ಯಾರೂ ಬ್ಯಾಡ್ರಿ. ಆಕಿ ಸೈಕಲ್ ಹೊಡಿಯೂದು ನೋಡಿದ್ರ ನಾವ ಹಿಂದ ಬೀಳ್ತೀವಿ."

ಹಂಪಯ್ಯ ಉರುಕುಂದಪ್ಪನ ಕಾಲು ತುಳಿದ. ತಡವಾಗಿತ್ತು.

"ಸೈಕಲ್?" ಎಂದರು ಸಾಬರು.

"ಇದ ಅಂಗಳದಾಗ ಕಲ್ತೆ ಅಬ್ಬಾ," ಎಂದಳು ಜಾಹೆದಾ ಸಣ್ಣಗೆ. "ಎರಡು ಸಲ ಬಿದ್ದೆ."

"ನಾಕು," ಎಂದ ಉರುಕುಂದಪ್ಪ. ಅವನಿಗೆ ಬುದ್ಧಿ ಹೇಳಿ ಪ್ರಯೋಜನವಿರಲಿಲ್ಲ.

ನಾನು ರೊಟ್ಟಿ, ಪುಂಡಿ ಪಲ್ಯ ತಂದಿಟ್ಟೆ. ಸಾಬರು ಬುತ್ತಿ ಬಿಚ್ಚಿ ತಮ್ಮ ಖಾರದ ಚಟ್ನಿಯನ್ನು ಎಲ್ಲರಿಗೂ ಹಂಚಿದರು. ಎಲ್ಲರೂ ತಿಂದೆವು. ಕಾಲುವೆಗೆ ನೀರು ಬಿಟ್ಟದ್ದು, ಮಾನ್ವಿ ರಸ್ತೆಯ ತಗ್ಗುಗಳು, ಗಾಜಿನ ಬಳೆಗೆ ಪ್ಲಾಸ್ಟಿಕ್ ಬಳೆ ಪೈಪೋಟಿಗೆ ಬಂದದ್ದು, ಹನ್ನೊಂದರ ಬಸ್ಸೊಂದನ್ನು ಬಿಟ್ಟು ಎಲ್ಲದರ ಮಾತೂ ಆಯಿತು. ನಾನು ಮೂರು ಸಲ ಚಹಾ ಬೇಕೇ ಎಂದೆ. ಒಳಗೆ ಟ್ರಂಕು ತೆರೆದೇ ಇತ್ತು. ಜಾಹೆದಾಳ ತಟ್ಟೆಯ ರೊಟ್ಟಿ ಮುರಿದಲ್ಲೇ ಇತ್ತು. ಹತ್ತೂಕಾಲಾಯಿತು. ಸಾಬರು ಕೈ ತೊಳೆದು ಟೋಪಿ ಸರಿಮಾಡಿಕೊಂಡರು, ಗೇಟಿನ ಕಡೆಗೊಮ್ಮೆ, ಮಗಳ ಕಡೆಗೊಮ್ಮೆ ನೋಡಿದರು.

ಸೂಗಿ ತುಟಿಯ ಮೇಲಿನ ಬೆರಳು ತೆಗೆದಳು. ಹಿಡಿದು ಹಿಡಿದು ಅಲ್ಲಿ ಕೆಂಪಗಾಗಿತ್ತು. ನನ್ನ ಕಡೆ ನೋಡಿದಳು. ಬೇಡ ಎಂದು ತಲೆಯಾಡಿಸಲು ನನಗೂ ಮನಸ್ಸಾಗಲಿಲ್ಲ. ಅವಳು ಸಾಬರ ಅಂಗಿಯ ತೋಳು ಹಿಡಿದು ಎಳೆದಳು.

"ತಾತಾ, ನೀವು ಜಾಹೆದಕ್ಕನ್ನ ಕರಕೊಂಡು ಹೋಗ್ತೀರೋ, ಇಲ್ಲೇ ಬಿಟ್ಟು ಹೋಗ್ತೀರೋ?"