ಕಿರೀಟ ನೆನಪಿಟ್ಟ ಕಾರ್ಡು

ನಾನು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಮೆಮೊರಿ ಕಾರ್ಡು. ದೂರದೇಶದ ಕಾರ್ಖಾನೆಯಲ್ಲಿ ಸಾವಿರಾರು ಒಡಹುಟ್ಟುಗಳ ನಡುವೆ ಹುಟ್ಟಿದೆ. ಆಟ ಆಡುವವರು ಎಲ್ಲಿಗೆ ನಿಲ್ಲಿಸಿದರು ಎಂಬುದನ್ನು ನೆನಪಿಡುವುದಷ್ಟೇ ನನ್ನ ಕಸುಬು. ದಲ್ಲಾಳಿಯೊಬ್ಬನ ಚೀಲದಲ್ಲಿ ಕೂತು ಹುಬ್ಬಳ್ಳಿಯ ಈರಣ್ಣ ಕುಬಸದ ಅವರ ವಿಡಿಯೋ ಗೇಮ್ ಅಂಗಡಿಗೆ ಬಂದೆ.

ಪಕ್ಕದಲ್ಲೇ ಸುಲೋಚನಾ ಹಂಚಿನಮನಿಯವರ ಹೊಲಿಗೆ ಅಂಗಡಿ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಇಬ್ಬರೂ ಸೇರಿ ‘ಓರ್ವೆನ್’ ಎಂಬ ಮಾಯಾರಾಜ್ಯದ ಆಟದ ಮೊದಲ ಭಾಗ ಆಡಿದರು. ನಲವತ್ತು ದಿನ ಹಿಡಿಯಿತು. ಕೊನೆಗೆ ರಾಜ ಕಿರೀಟ ತೊಡಬೇಕೋ, ನದಿಗೆ ಎಸೆಯಬೇಕೋ ಎಂದು ಆಟ ಕೇಳಿತು. ಎಸೆಯಿರಿ ಎಂದರು ಸುಲೋಚನಾ. ಈರಣ್ಣ ಎಸೆದರು. ನಾನು ಅದನ್ನು ಎದೆಯಲ್ಲಿಟ್ಟುಕೊಂಡೆ.

ನಾಲ್ಕನೆಯ ಭಾಗ ಬಂದಾಗ ಜಗಳ ಶುರುವಾಯಿತು. ಅದರಲ್ಲೊಬ್ಬ ಮುದಿ ಅಂಬಿಗನಿದ್ದ. ಅವನ ಅಂಗಿಯ ತೋಳಿನ ತೇಪೆ, ಮೊದಲ ಭಾಗದ ರಾಜನ ತೋಳಿನಲ್ಲಿದ್ದ ತೇಪೆಯೇ ಎಂದು ಸುಲೋಚನಾ ಪಟ್ಟು ಹಿಡಿದರು. ಅಂಬಿಗನೇ ರಾಜ, ನಾಲ್ಕೂ ಆಟ ಒಂದೇ ಕಥೆ ಎಂಬುದು ಅವರ ವಾದ.

“ಹೊಲಿಗಿ ಸುಳ್ಳು ಹೇಳಂಗಿಲ್ರಿ,” ಎಂದರು.

“ಚಿತ್ರಾ ಬರ್ಯೋರು ಹಳೇದನ್ನ ಎತ್ತಿ ಹಾಕ್ಯಾರ. ಅದು ಕಥಿ ಅಲ್ಲ, ಮೈಗಳ್ಳತನ,” ಎಂದರು ಈರಣ್ಣ. ಎರಡು ಆಟಗಳ ಕಥೆಗಳ ನಡುವೆ ಮುನ್ನೂರು ವರ್ಷ, ಬದುಕಿರಲು ಅವನೇನು ಆಮೆಯೇ ಎಂದು ಬೇರೆ ಕೇಳಿದರು.

ನಾಲ್ಕನೆಯ ಭಾಗ ಹಳೆಯ ಕಾರ್ಡನ್ನು ಓದಬಲ್ಲದು. ಅಂಬಿಗ ನಿಜಕ್ಕೂ ರಾಜನೇ ಆಗಿದ್ದರೆ, ನನ್ನನ್ನು ಸಿಕ್ಕಿಸಿದಾಗ ಕಿರೀಟ ಎಸೆದದ್ದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಆದರೂ ಹನ್ನೆರಡು ವರ್ಷ ಯಾರೂ ಸಿಕ್ಕಿಸಲಿಲ್ಲ. ಕಾರ್ಡು ಹಳೆಯದು, ಕೆಟ್ಟೀತು ಎಂಬ ನೆಪ. ನಿಜ ಹೇಳಲೇ? ಸೋಲುವ ಭಯ ಇಬ್ಬರಿಗೂ ಇತ್ತು.

ಜನ ಮೊಬೈಲಿನಲ್ಲೇ ಆಡತೊಡಗಿದ ಮೇಲೆ ಅಂಗಡಿ ಮುಚ್ಚುವ ದಿನ ಬಂತು. ಆಯುಧಪೂಜೆಯ ಮರುದಿನವದು. ಆಟದ ಯಂತ್ರ ಕೊಂಡು ಒಯ್ಯುವವನು ಸಂಜೆ ಬರುವವನಿದ್ದ. ಇನ್ನು ತಡೆಯಲಾಗದೆ ಸುಲೋಚನಾ ನನ್ನನ್ನು ಎತ್ತಿಕೊಂಡರು. ಅಂಬಿಗ ಗುರುತು ಹೇಳದಿದ್ದರೆ ಈ ಜನ್ಮದಲ್ಲಿ ಓರ್ವೆನ್ನಿನ ಮಾತೆತ್ತುವುದಿಲ್ಲ ಎಂದು ಆಣೆ ಮಾಡಿದರು.

ನನ್ನನ್ನು ಸಿಕ್ಕಿಸಿದರು. ಪರದೆಯ ಮೇಲೆ ಮಾತೊಂದು ಬಂತು. ಕಾರ್ಡಿನಲ್ಲಿ ಏನೂ ಇಲ್ಲ, ಅಳಿಸಿ ಹೊಸದಾಗಿಸಲೇ ಎಂದು ಯಂತ್ರ ಕೇಳುತ್ತಿತ್ತು. ಬಾಣದ ಗುರುತು ‘ಹೌದು’ ಎಂಬುದರ ಮೇಲೆಯೇ ಕೂತಿತ್ತು.

ಇದೆ, ಎಲ್ಲವೂ ಇದೆ ಎಂದು ಕೂಗಲು ನನಗೆ ಬಾಯೆಲ್ಲಿ? ಈರಣ್ಣನ ಹೆಬ್ಬೆರಳು ಗುಂಡಿಯ ಮೇಲಿತ್ತು. ಒಂದು ಸಲ ಒತ್ತಿದ್ದರೆ ನಲವತ್ತು ದಿನಗಳೂ ಹೋಗಿ, ವಾದದ ಗೆಲುವು ಈರಣ್ಣನ ಪಾಲಾಗುತ್ತಿತ್ತು. ಸುಲೋಚನಾ ಆ ಬೆರಳನ್ನೇ ನೋಡುತ್ತಿದ್ದರು.

ಈರಣ್ಣ ಬೆರಳು ತೆಗೆದರು. ಯಂತ್ರ ಆರಿಸಿ ನನ್ನನ್ನು ಹೊರಗೆಳೆದು ಬೆಳಕಿಗೆ ಹಿಡಿದರು. ಯಂತ್ರಕ್ಕೆ ತಾಗುವ ನನ್ನ ಹಿತ್ತಾಳೆ ಹಲ್ಲುಗಳ ತುಂಬ ಕುಂಕುಮ. ಹಿಂದಿನ ದಿನ ಪೂಜೆಯಲ್ಲಿ, ಮುಖ ಯಾವುದು ಹಲ್ಲು ಯಾವುದು ಎಂದು ನೋಡದೆ ಅವರೇ ಭಕ್ತಿಯಿಂದ ಮೆತ್ತಿದ್ದರು. ಸುಲೋಚನಾ ಬಟ್ಟೆಯ ಚೂರು ತಂದು ಒಂದೊಂದೇ ಹಲ್ಲು ಒರೆಸಿದರು.

ಈ ಸಲ ಯಂತ್ರ ನನ್ನನ್ನು ಓದಿತು. ದೋಣಿ ದಡಕ್ಕೆ ಬಂತು. ಅಂಬಿಗ ಎಲ್ಲರಿಗೂ ಹೇಳುವ ಅದೇ ಮಾತು ಹೇಳಿದ: ದೋಣಿ ಹತ್ತು, ನೀರು ಏರುತ್ತಿದೆ. ಕಿರೀಟದ ಸುದ್ದಿಯೇ ಇಲ್ಲ.

ಸುಲೋಚನಾ ಎದ್ದು ಸೆರಗು ಸರಿಮಾಡಿಕೊಂಡರು. ಕಣ್ಣು ತುಂಬಿತ್ತು. ಅವರು ಬಾಗಿಲು ದಾಟುವಾಗ ಈರಣ್ಣ, ಪರದೆಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಅಂದರು:

“ಕಿರೀಟಾ ನದಿಗೆ ಒಗದಾಂವ, ನಾನ ರಾಜಾ ಅಂತ ಬಾಯಿ ಬಿಡ್ತಾನೇನ್ರಿ?”

ಸುಲೋಚನಾ ಹಿಂದಿರುಗಿ ಬಂದು ಕುಳಿತರು.

ಈಗ ನಾನು ಸುಲೋಚನಾ ಅವರ ಅಂಗಿ ಗುಂಡಿಗಳ ಡಬ್ಬಿಯಲ್ಲಿದ್ದೇನೆ. ಹಲ್ಲಿನ ಸಂದಿಯಲ್ಲಿ ಇನ್ನೂ ಚೂರು ಕುಂಕುಮವಿದೆ. ಮಧ್ಯಾಹ್ನ ಈರಣ್ಣ ಬರುತ್ತಾರೆ, ಅಂಬಿಗನೇ ರಾಜ ಎಂದು ವಾದಿಸುತ್ತಾರೆ. ಸುಲೋಚನಾ ಒಪ್ಪುವುದಿಲ್ಲ; ಒಪ್ಪಿದರೆ ವಾದ ಮುಗಿದುಹೋದೀತಲ್ಲ. ನನ್ನನ್ನು ಓದುವ ಯಂತ್ರ ಈ ಊರಿನಲ್ಲಿ ಉಳಿದಿಲ್ಲ. ಆ ನಲವತ್ತು ದಿನ ಮಾತ್ರ ನನ್ನಲ್ಲಿ ಹಾಗೆಯೇ ಇವೆ.